ದ್ಯಾಮವ್ವ ಮಾಡದ ಹೊಗೆ

ಕೊಪ್ಪಳ

ಜರ್ಮನಿಗೆ ಹೋಗಿ ಬಂದೆ ಎಂದರೆ ನಮ್ಮ ಕುಷ್ಟಗಿಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಅಳಿಯಾ ಅಲ್ಲಿ ಅದಾನೇನ್ರಿ?’ ನನಗೆ ಅಳಿಯನಿಲ್ಲ. ಮಗಳಿನ್ನೂ ಧಾರವಾಡದಲ್ಲಿ ಓದುತ್ತಿದ್ದಾಳೆ. ನಾನು ಹೋದದ್ದು ಒಲೆಯ ಕೆಲಸಕ್ಕೆ. ಸರಿಯಾಗಿ ಹೇಳಬೇಕೆಂದರೆ, ಒಲೆಯಿಂದ ಬಾರದೆ ಉಳಿದ ಹೊಗೆಯ ಕೆಲಸಕ್ಕೆ. ಇಷ್ಟು ಹೇಳಿದ್ದೇ ತಡ, ಗಣಿತದ ಮಾಸ್ತರು, ‘ಇಲ್ಲದ ಹೊಗಿ ನೋಡಾಕ ಅಷ್ಟು ದೂರ ಹೋಗಬೇಕಿತ್ತೇನ್ರಿ? ನಮ್ಮನ್ಯಾಗ ಗ್ಯಾಸ್ ಐತಿ. ಹೊಗಿ ದಿನಾ ಇರೂದಿಲ್ಲ. ಬಂದು ನೋಡ್ರಿ’ ಎಂದರು.

ವಿಷಯ ಹೀಗಿದೆ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿ ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಮನೆಗೊಂದು ಹೊಸ ಒಲೆ ಕೊಟ್ಟಿತು. ನೋಡಲು ಎಣ್ಣೆ ಡಬ್ಬಿಯಂಥ ತಗಡಿನ ಒಲೆ. ಕಟ್ಟಿಗೆ ಕಡಿಮೆ ಸಾಕು, ಹೊಗೆಯೂ ಕಡಿಮೆ. ಒಲೆ ಪುಕ್ಕಟೆ, ಬದಲಿಗೆ ಒಂದು ಇಂಗ್ಲಿಷ್ ಕಾಗದದ ಮೇಲೆ ಹೆಬ್ಬೆಟ್ಟು. ಆ ಕಾಗದದ ಪ್ರಕಾರ ಒಲೆ ಉಳಿಸಿದ ಹೊಗೆಯ ಲೆಕ್ಕವೆಲ್ಲ ಕಂಪನಿಯದು. ಕಂಪನಿ ಅದನ್ನು ದೂರದೇಶದ ಕಾರ್ಖಾನೆಗಳಿಗೆ ಮಾರುತ್ತದೆ. ಕೊಂಡವರು ತಮ್ಮ ಚಿಮಣಿಯ ಹೊಗೆಯಲ್ಲಿ ಅಷ್ಟನ್ನು ವಜಾ ಹಾಕಿಕೊಂಡು, ತಮ್ಮ ಮಾಲಿನ ಮೇಲೆ ಒಂದು ಹಸಿರು ಎಲೆಯ ಚಿತ್ರ ಅಚ್ಚು ಹಾಕಿಸುತ್ತಾರೆ. ಇದಕ್ಕೆ ಕಾರ್ಬನ್ ವ್ಯಾಪಾರ ಎನ್ನುತ್ತಾರೆ.

ಕಾರಟಗಿಯಲ್ಲಿ ಭತ್ತದ ದಲ್ಲಾಳಿಯಾಗಿರುವ ನನ್ನ ಅಣ್ಣನಿಗೆ ಇದನ್ನು ವಿವರಿಸಿದಾಗ ಅವನು ಎರಡೆರಡು ಸಲ ಕೇಳಿ ತಿಳಿದುಕೊಂಡ. ಆಮೇಲೆ, ‘ಮಾಲು ಕಾಣೂದಿಲ್ಲ, ಲಾರಿ ಬ್ಯಾಡ, ಗೋದಾಮು ಬ್ಯಾಡ, ಹುಳಾ ಹತ್ತೂದಿಲ್ಲ. ನಾವು ಸುಮ್ನ ಭತ್ತದಾಗ ಜನ್ಮ ಕಳದ್ವಿ ನೋಡು’ ಎಂದು ನಿಟ್ಟುಸಿರು ಬಿಟ್ಟ.

ಈ ವ್ಯಾಪಾರದವರೆಲ್ಲ ವರ್ಷಕ್ಕೊಮ್ಮೆ ಎಲ್ಲೋ ಒಂದು ಕಡೆ ಸೇರುತ್ತಾರಂತೆ. ಈ ಸಲ ಜರ್ಮನಿಯ ಕಲೋನ್ ಪಟ್ಟಣ. ವೇದಿಕೆಯ ಮೇಲೆ ನಿಲ್ಲಿಸಲು ಒಲೆ ಬಳಸುವ ಒಬ್ಬ ಹೆಣ್ಣುಮಗಳು ಬೇಕಾಗಿತ್ತು. ಕಂಪನಿಯ ವಿವೇಕ್ ಎಂಬ ಮ್ಯಾನೇಜರ್ ಆರಿಸಿದ್ದು ಯಲಬುರ್ಗಾ ತಾಲ್ಲೂಕಿನ ದ್ಯಾಮವ್ವನನ್ನು. ಐವತ್ತರ ಆಸುಪಾಸಿನ, ಗಂಡನಿದ್ದೂ ಎರಡೆಕರೆ ಒಣಬೇಸಾಯ ಮತ್ತು ಕೂಲಿಯ ಮೇಲೆ ತಾನೇ ಮನೆ ನಡೆಸುವ ಗಟ್ಟಿ ಹೆಂಗಸು. ಆಕೆಯನ್ನೇ ಯಾಕೆ ಆರಿಸಿದಿರಿ ಎಂದರೆ, ‘ಫೋಟೋದಲ್ಲಿ ಚೆನ್ನಾಗಿ ನಗ್ತಾರೆ ಮೇಡಂ’ ಎಂದ ವಿವೇಕ್.

ಮೊದಲು ಬೆಂಗಳೂರಿನಿಂದ ಒಬ್ಬ ದುಭಾಷಿಯನ್ನು ಕರೆಸಿದ್ದರು. ಆತ ‘ಹೊಸ ಒಲೆಯ ಕುರಿತು ತಮ್ಮ ಅನಿಸಿಕೆಯೇನು?’ ಎಂದು ಕೇಳಿದ್ದಕ್ಕೆ ದ್ಯಾಮವ್ವ, ‘ಇವ್ರು ಯಾವ ಭಾಷಿ ಮಾತಾಡಾಕತ್ಯಾರ?’ ಎಂದು ಪಕ್ಕದವರನ್ನು ಕೇಳಿದಳಂತೆ. ಹಾಗಾಗಿ, ಹಿಂದೊಮ್ಮೆ ಅವರ ಸರ್ವೆ ಫಾರ್ಮನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದ ನನಗೆ ಫೋನು ಬಂತು. ಗಂಗಾವತಿಯಲ್ಲಿ ಹುಟ್ಟಿ, ಕುಷ್ಟಗಿಯ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಅಲ್ಲಿಯವರೆಗೆ ಕಂಡ ಅತಿ ದೊಡ್ಡ ಹೊರದೇಶ ಎಂದರೆ ತಿರುಪತಿ. ರಜೆ ಹಾಕಿ ಒಪ್ಪಿಕೊಂಡೆ.

ಪಾಸ್‌ಪೋರ್ಟಿಗೆ ಬೆರಳಚ್ಚು ಕೊಡುವಾಗ ದ್ಯಾಮವ್ವ ತನ್ನ ಹೆಬ್ಬೆರಳನ್ನು ತಾನೇ ನೋಡಿಕೊಂಡು ನಕ್ಕಳು. ‘ಈ ಬೆರಳು ಭಾಳ ಕಡೆ ತಿರುಗ್ಯಾಡಿ ಬಂದೈತ್ರಿ ಅಕ್ಕಾರ. ಸೊಸೈಟಿ, ರೇಷನ್ನು, ಒಲಿ. ನಾ ಒಬ್ಬಾಕಿ ಅಷ್ಟ ಎಲ್ಲೂ ಹೋಗಿದ್ದಿಲ್ಲ.’

ಆಕಾಶ

ವಿಮಾನದಲ್ಲಿ ದ್ಯಾಮವ್ವ ಕಿಟಕಿಗೆ ಕೂತಳು. ಮಡಿಲಲ್ಲಿ ಕಡಕ್ ರೊಟ್ಟಿಯ ಗಂಟು. ಚೆಕಿಂಗಿನವರು ಶೇಂಗಾ ಚಟ್ನಿಯ ಪುಡಿಯನ್ನು ಮೂರು ಸಲ ಮೂಸಿ ನೋಡಿ, ನಾಲ್ಕನೆಯ ಸಲ ಸೀನಿ, ಬಿಟ್ಟುಕೊಟ್ಟಿದ್ದರು. ವಿಮಾನ ಮೋಡದ ಮೇಲೆ ಬಂದಾಗ ಆಕೆಗೆ ಅಂಜಿಕೆಯೇನೂ ಆಗಲಿಲ್ಲ. ಕೆಳಗೆ ನೋಡಿ ಒಂದೇ ಮಾತು ಕೇಳಿದಳು:

‘ಇದು ಎಷ್ಟು ಎಣ್ಣಿ ಕುಡೀತೈತ್ರಿ?’

ನನಗೆ ಗೊತ್ತಿರಲಿಲ್ಲ. ಆಚೆ ಬದಿಯಲ್ಲಿದ್ದ ವಿವೇಕ್ ಉತ್ಸಾಹದಿಂದ ಬಾಗಿದ. ‘ತುಂಬಾ ಅಮ್ಮ. ಆದರೆ ಚಿಂತೆ ಬೇಡ. ನಮ್ಮ ಮೂವರ ಟಿಕೆಟಿನ ಹೊಗೆಯನ್ನು ವಜಾ ಮಾಡಿಸಿದ್ದೀವಿ.’

‘ಯಾವುದರ ಮ್ಯಾಲ ವಜಾ ಮಾಡಿದ್ರಿ?’

‘ನಮ್ಮದೇ ಒಲೆಗಳ ಮೇಲೆ. ನಿಮ್ಮ ಒಲೆಯೂ ಅದರಲ್ಲಿ ಇರಬಹುದು.’

ದ್ಯಾಮವ್ವ ಬೆರಳು ಮಡಚಿ ಏನೋ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, ‘ಅಂದ್ರ ಅಕ್ಕಾರ, ನಾ ಇಷ್ಟು ದಿನ ಉಳಿಸಿದ್ದು ನನ್ನ ಕರಕೊಂಡ್ ಹೋಗಾಕ ಖರ್ಚಾತು’ ಎಂದಳು.

ವಿವೇಕ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ.

ಕಲೋನ್: ಊದಿನಕಡ್ಡಿ

ಕಲೋನ್ ಎಂದರೆ ನಮಗೆ ಮದುವೆಯಲ್ಲಿ ಸಿಂಪಡಿಸುವ ಸೆಂಟಿನ ಹೆಸರು. ಆ ಹೆಸರು ಈ ಊರಿನದೇ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಊರು ಚೊಕ್ಕಟ. ಜನ ಇನ್ನೂ ಚೊಕ್ಕಟ. ರಸ್ತೆಯಲ್ಲಿ ಒಂದೂ ವಾಹನವಿಲ್ಲದಿದ್ದರೂ ಕೆಂಪು ದೀಪ ಕಂಡರೆ ನಿಲ್ಲುತ್ತಾರೆ. ಒಂದು ಕಡೆ ನಾವು ಹತ್ತು ಹದಿನೈದು ಜನ ಖಾಲಿ ರಸ್ತೆಗೆ ಮುಖ ಮಾಡಿ ನಿಂತಿದ್ದೆವು. ‘ಯಾರರೆ ಸತ್ತಾರೇನ್ರಿ?’ ಎಂದು ದ್ಯಾಮವ್ವ ಪಿಸುಗುಟ್ಟಿದಳು. ನಮ್ಮ ಗಂಗಾವತಿಯ ಸರ್ಕಲ್ಲಿನಲ್ಲಿ ದೀಪ ಕೆಂಪಾದಾಗಲೇ ಎಲ್ಲರಿಗೂ ಮನೆಯ ನೆನಪಾಗುವುದು.

ಮರುದಿನ ಸೋಮವಾರ. ಬೆಳಗಿನ ಏಳು ಗಂಟೆಗೆ ನಾನು ತಲೆ ಬಾಚುತ್ತಿದ್ದಾಗ ಇಡೀ ಹೋಟೆಲು ಕಿರುಚಿಕೊಂಡಿತು. ಸೈರನ್ನು ಎಂದರೆ ಅಂಥಿಂಥ ಸೈರನ್ನಲ್ಲ. ಮುನಿರಾಬಾದಿನ ಡ್ಯಾಮಿನಲ್ಲಿ ಗೇಟು ತೆಗೆಯುವಾಗ ಕೂಗುವುದಕ್ಕಿಂತ ಜೋರು. ಕಾರಿಡಾರಿನಲ್ಲಿ ಜನ ಓಡುತ್ತಿದ್ದರು. ನಾನು ಪಕ್ಕದ ಕೋಣೆಗೆ ನುಗ್ಗಿದೆ. ದ್ಯಾಮವ್ವ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಟೀವಿಯ ಪಕ್ಕ ಒರಗಿಸಿಟ್ಟ ದೇವರ ಫೋಟೋಕ್ಕೆ ಎರಡು ಊದಿನಕಡ್ಡಿ ಬೆಳಗುತ್ತ ನಿಂತಿದ್ದಳು. ಚಾವಣಿಯಲ್ಲಿದ್ದ, ಹೊಗೆ ಮೂಸುವ ಬಿಳಿಯ ಗುಂಡಿಯೊಂದು ಕೆಂಪಗೆ ಮಿಣುಕುತ್ತಿತ್ತು.

ಹದಿನೈದು ನಿಮಿಷದ ನಂತರ ಹೋಟೆಲಿನ ಅತಿಥಿಗಳೆಲ್ಲ ಅಂಗಿ, ಲುಂಗಿಯಂಥ ನಿಲುವಂಗಿ, ಬರಿಗಾಲು, ಹೇಗಿದ್ದರೋ ಹಾಗೆ ಚಳಿಯಲ್ಲಿ ಹೊರಗೆ ನಿಂತಿದ್ದೆವು. ಅವರಲ್ಲಿ ಅರ್ಧ ಜನ ಅದೇ ಸಭೆಗೆ ಬಂದವರು, ಜಗತ್ತಿನ ಹೊಗೆ ಕಡಿಮೆ ಮಾಡುವ ಪಂಡಿತರು. ಕೆಂಪು ಗಾಡಿಯಲ್ಲಿ ಬಂದ ಅಗ್ನಿಶಾಮಕದವರು ಹೆಲ್ಮೆಟ್ಟು ತೊಟ್ಟು ಮೇಲೆ ಹೋಗಿ, ಎರಡು ಊದಿನಕಡ್ಡಿಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಇಳಿದು ಬಂದರು.

‘ಹೊಗೆ ಕಡಿಮೆ ಮಾಡಿದವರು ಅಂತ ಕರ್ಕೊಂಡು ಬಂದಿದ್ದೀನಿ,’ ವಿವೇಕನ ಧ್ವನಿ ನಡುಗುತ್ತಿತ್ತು. ಚಳಿಯೋ ಏನೋ. ‘ದಯವಿಟ್ಟು ಇದನ್ನ ಯಾರಿಗೂ ಹೇಳಬೇಡಿ.’

‘ನಾ ಯಾಕ ಹೇಳ್ಲಿ? ಎಲ್ಲಾರೂ ಇಲ್ಲೇ ಅದಾರಲ್ಲ’ ಎಂದಳು ದ್ಯಾಮವ್ವ. ಆಕೆಗೆ ನಿಜವಾಗಿ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಮಂಗಳಾರತಿ ಅರ್ಧಕ್ಕೇ ನಿಂತಿತ್ತು.

ಬಿಸ್ಕತ್ತಿನ ಕಾರ್ಖಾನೆ

ದ್ಯಾಮವ್ವನ ಊರಿನ ಹೊಗೆಯನ್ನು ಕೊಂಡಿದ್ದು ಒಂದು ಬಿಸ್ಕತ್ತಿನ ಕಂಪನಿ. ಅಲ್ಲಿಯ ಹೆಲ್ಗಾ ಎಂಬ ಹಿರಿಯ ಅಧಿಕಾರಿಣಿ ಕಾರಿನಲ್ಲಿ ಬಂದು ಕರೆದೊಯ್ದಳು. ದಾರಿಯಲ್ಲಿ ಊರಿನ ಪ್ರಸಿದ್ಧ ಚರ್ಚು ತೋರಿಸಿದಳು. ಎರಡು ಶಿಖರ ಆಕಾಶಕ್ಕೆ ತಾಗಿದ್ದವು, ಗೋಡೆಯೆಲ್ಲ ಮಸಿ ಬಳಿದಂತೆ ಕಪ್ಪು. ಹಂಪಿಯ ಕಲ್ಲು ನೋಡಿ ಬೆಳೆದ ನಮಗೆ ಕಲ್ಲಿನ ಬಣ್ಣ ಗೊತ್ತು. ಇದು ಕಲ್ಲಿನ ಬಣ್ಣವಲ್ಲ.

‘ಇದರೊಳಗ ಒಲಿ ಹಚ್ಚಿದ್ರೇನ್ರಿ?’ ಎಂದಳು ದ್ಯಾಮವ್ವ.

ನಾನು ಅನುವಾದಿಸಿದೆ. ಹೆಲ್ಗಾ ನಕ್ಕು, ಅದು ರೈಲು ಮತ್ತು ಕಾರ್ಖಾನೆಗಳ ಹಳೆಯ ಹೊಗೆ, ತೊಳೆದಷ್ಟೂ ಮುಗಿಯುವುದಿಲ್ಲ ಎಂದಳು.

‘ಈ ಹೊಗಿ ಯಾರು ಕೊಂಡ್ರು?’

ಇದಕ್ಕೆ ಹೆಲ್ಗಾ ನಗಲಿಲ್ಲ. ಸ್ವಲ್ಪ ಯೋಚಿಸಿ, ‘ಯಾರೂ ಇಲ್ಲ’ ಎಂದಳು. ಒಳ್ಳೆಯ ಹೆಂಗಸು ಅನ್ನಿಸಿತು.

ಕಾರ್ಖಾನೆಯಲ್ಲಿ ನಮಗೆ ಕಾಫಿ, ಬಿಸ್ಕತ್ತು. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಎಲೆ, ಅದರ ಕೆಳಗೆ ಒಲೆಯ ಮುಂದೆ ಕೂತು ನಗುತ್ತಿರುವ ದ್ಯಾಮವ್ವ! ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದ್ಯಾಮವ್ವ ಪೊಟ್ಟಣವನ್ನು ಬೆಳಕಿಗೆ ಹಿಡಿದು, ಹತ್ತಿರ ದೂರ ಮಾಡಿ ನೋಡಿದಳು.

‘ಅಕ್ಕಾರ, ಇದು ಆ ತಗಡಿನ ಒಲಿ ಅಲ್ರಿ. ನನ್ನ ಮೂರು ಕಲ್ಲಿನ ಹಳೇ ಒಲಿ. ಫೋಟೋದಾಂವ ಬಂದಾಗ ತಗಡಿನ ಒಲಿ ಛಲೋ ಕಾಣೂದಿಲ್ಲ, ಇದರ ಬೆಂಕಿ ಛಲೋ ಕಾಣತೈತಿ ಅಂದ. ಇವತ್ತೂ ಐತಿ ಈ ಒಲಿ. ಝಳಕದ ನೀರು ಇದರ ಮ್ಯಾಲ, ರೊಟ್ಟಿನೂ ಇದರ ಮ್ಯಾಲ. ಹೊಸ ಒಲಿ ಬಾಯಿ ಸಣ್ಣದು, ರೊಟ್ಟಿ ಹಂಚು ಕುಂದ್ರೂದಿಲ್ಲ. ಅನ್ನ, ಸಾರಿಗೆ ಅಷ್ಟ ಅದು.’

ಹೆಲ್ಗಾ ಕುತೂಹಲದಿಂದ ನನ್ನ ಮುಖ ನೋಡಿದಳು. ವಿವೇಕನೂ ನೋಡಿದ. ಅವನ ನೋಟದಲ್ಲಿ ಕುತೂಹಲವಿರಲಿಲ್ಲ. ಕಂಪನಿಯ ಲೆಕ್ಕದಲ್ಲಿ ಹೊಸ ಒಲೆ ಬಂದ ದಿನವೇ ಹಳೆಯ ಒಲೆಗಳೆಲ್ಲ ಒಡೆದುಹೋಗಿದ್ದವು. ಅಷ್ಟೂ ಹೊಗೆ ಉಳಿಯಿತೆಂದೇ ಮಾರಾಟವಾಗಿತ್ತು. ಇದನ್ನೆಲ್ಲ ಆ ಒಂದು ಕ್ಷಣದಲ್ಲಿ ನಾನು ಅವನ ಮುಖ ನೋಡಿಯೇ ತಿಳಿದುಕೊಂಡೆ.

ನನ್ನ ಟಿಕೆಟು, ಊಟ, ವಸತಿ ಎಲ್ಲ ಅವನ ಕಂಪನಿಯದು. ನಾನು ಹೆಲ್ಗಾಳಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಫೋಟೋ ಬಹಳ ಚೆನ್ನಾಗಿ ಬಂದಿದೆಯಂತೆ.

ವಾಪಸು ಬರುವಾಗ ಕಾರಿನಲ್ಲಿ ದ್ಯಾಮವ್ವ ಮುಂದೆ ನೋಡುತ್ತಲೇ ಹೇಳಿದಳು: ‘ನಾ ಉದ್ದ ಹೇಳಿದ್ನಿ. ನೀವು ಸಣ್ಣದು ಹೇಳಿದ್ರಿ.’

‘ಇಂಗ್ಲಿಷಿನ್ಯಾಗ ಸಣ್ಣದಾಗತೈತಿ’ ಎಂದೆ. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ ಭಾಷೆಯ ಮೇಲೆ ನಾನೇ ಸುಳ್ಳು ಹೊರಿಸಿದ್ದೆ.  

ನದಿಯ ದಂಡೆ

ಸಂಜೆ ರೈನ್ ನದಿಯ ದಂಡೆಗೆ ಹೋದೆವು. ನದಿಯೆಂದರೆ ನಮಗೆ ತುಂಗಭದ್ರೆ. ಅದು ಬೇಸಗೆಯಲ್ಲಿ ಕಲ್ಲು ತೋರಿಸುತ್ತದೆ, ಮಳೆಗಾಲದಲ್ಲಿ ಸೊಕ್ಕು ತೋರಿಸುತ್ತದೆ. ಈ ನದಿ ಏನನ್ನೂ ತೋರಿಸುವುದಿಲ್ಲ, ಇಸ್ತ್ರಿ ಮಾಡಿದ ಸೀರೆಯಂತೆ ಹೋಗುತ್ತದೆ. ನಾವು ನೀರು ಕುಡಿದ ಪ್ಲಾಸ್ಟಿಕ್ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಲು ಹೋದಾಗ, ಕೋಟು ತೊಟ್ಟ ಮುದುಕನೊಬ್ಬ ಓಡಿಬಂದು ಕೈಯೊಡ್ಡಿದ. ಅವನ ಚೀಲದ ತುಂಬ ಖಾಲಿ ಬಾಟಲಿ. ದ್ಯಾಮವ್ವ ಗಾಬರಿಯಾಗಿ ಬಾಟಲಿ ಕೊಟ್ಟಳು. ಅವನು ತಲೆಬಾಗಿ ವಂದಿಸಿ ಹೋದ.

ಹಿಂದೆಯೇ ಹೋದೆವು. ಅಂಗಡಿಯೊಂದರ ಗೋಡೆಯಲ್ಲಿ ಒಂದು ಯಂತ್ರ. ಮುದುಕ ಒಂದೊಂದೇ ಬಾಟಲಿಯನ್ನು ಅದರ ಬಾಯಿಗೆ ಕೊಟ್ಟ. ಯಂತ್ರ ನುಂಗಿತು, ಕೊನೆಗೊಂದು ಚೀಟಿ ಉಗುಳಿತು. ಚೀಟಿ ತೋರಿಸಿದರೆ ಅಂಗಡಿಯವನು ರೊಕ್ಕ ಕೊಡುತ್ತಾನೆ. ಯಾರೇ ಕುಡಿದಿರಲಿ, ಖಾಲಿ ಬಾಟಲಿ ತಂದು ಹಾಕಿದವನಿಗೆ ಅದರ ಬೆಲೆ ಸಿಗುವುದು ಇಲ್ಲಿಯ ಕಾನೂನು.

ದ್ಯಾಮವ್ವ ಆ ಯಂತ್ರದ ಮುಂದೆ ನಿಂತಷ್ಟು ಹೊತ್ತು ಚರ್ಚಿನ ಮುಂದೆಯೂ ನಿಂತಿರಲಿಲ್ಲ.

‘ಅವನ ಹೆಸರು ಕೇಳಲಿಲ್ಲ?’

‘ಇಲ್ಲ.’

‘ಹೆಬ್ಬಟ್ಟು?’

‘ಇಲ್ಲ.’

‘ಬಾಟ್ಲಿ ತಂದಾಂವಗ ರೊಕ್ಕಾ. ನಡುವ ಯಾರೂ ಇಲ್ಲ.’ ಆಕೆ ಸೆರಗು ಬಿಗಿ ಮಾಡಿಕೊಂಡಳು. ‘ಅಕ್ಕಾರ, ಆ ಒಲಿ ಕಾಗದದಾಗ ಏನ್ ಬರದಾರ? ನೀವು ಓದೀರೇನು?’

ಓದಿದ್ದೆ. ಅಲ್ಲೇ ಕಟ್ಟೆಯ ಮೇಲೆ ಕೂತು ಹೇಳಿದೆ. ಒಲೆ ಬಳಸಿ ಉಳಿಯುವ ಹೊಗೆಯ ಮೇಲಿನ ಎಲ್ಲ ಹಕ್ಕನ್ನೂ ನೀನು ಕಂಪನಿಗೆ ಬಿಟ್ಟುಕೊಟ್ಟಿದ್ದೀಯ, ಒಲೆ ಬಾಳುವಷ್ಟು ದಿನ.

‘ಯಾರೂ ಓದಿ ಹೇಳಲಿಲ್ರಿ. ಒಲಿ ಮುಟ್ಟಿದ್ದಕ್ಕ ಸಹಿ ಅಂದ್ರು.’

ಕೆಟ್ಟ ಕೋಪವೇನೂ ಆಕೆಯ ಮುಖದಲ್ಲಿರಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿಯ ತೂಕ ಕಡಿಮೆ ಬಂದದ್ದು ಮನೆಗೆ ಬಂದ ಮೇಲೆ ಗೊತ್ತಾದವರ ಮುಖದಂತಿತ್ತು.

ಹೋಟೆಲಿನ ಲಾಬಿ

ಸಭೆಯ ಹಿಂದಿನ ದಿನ ಮಧ್ಯಾಹ್ನ ವಿವೇಕ್ ಒಂದು ಹಾಳೆ ಕೊಟ್ಟ. ದ್ಯಾಮವ್ವ ಹೇಳಬೇಕಾದ ಮಾತು, ಇಂಗ್ಲಿಷಿನಲ್ಲಿ. ನಾನು ಅದನ್ನು ಕನ್ನಡದಲ್ಲಿ ಆಕೆಗೆ ಬಾಯಿಪಾಠ ಮಾಡಿಸಬೇಕು, ಆಕೆ ಕನ್ನಡದಲ್ಲಿ ಹೇಳಿದ್ದನ್ನು ನಾನು ಮತ್ತೆ ಇಂಗ್ಲಿಷಿಗೆ ತರಬೇಕು. ಅಂದರೆ ನೀರು ಕಾಲುವೆಯಿಂದ ಹೊಲಕ್ಕೆ ಹೋಗಿ, ಹೊಲದಿಂದ ಅದೇ ಕಾಲುವೆಗೆ ಬಂದು ಬೀಳಬೇಕು.

ನಾನು ವ್ಯಾಕರಣ ಕಲಿಸುವವಳು. ಹಾಳೆ ನೋಡಿದ ಕೂಡಲೇ ಗೊತ್ತಾಯಿತು, ಎಲ್ಲವೂ ಕರ್ಮಣಿ ಪ್ರಯೋಗ. ಇಂಗ್ಲಿಷಿನಲ್ಲಿ ಅದೊಂದು ಅನುಕೂಲ. ಕೆಲಸ ಆಗಿರುತ್ತದೆ, ಮಾಡಿದವರು ಇರುವುದಿಲ್ಲ. ಆದರೆ ಯಲಬುರ್ಗಾದ ಕನ್ನಡದಲ್ಲಿ ಮಾಡುವವರಿಲ್ಲದೆ ಮಾತು ಮುಂದೆ ಹೋಗುವುದಿಲ್ಲ.

‘ಹಳೆಯ ಒಲೆ ತ್ಯಜಿಸಲ್ಪಟ್ಟಿತು’ ಎಂದೆ.

‘ಯಾರು ತ್ಯಜಿಸಿದ್ರು?’

‘ನೀನು.’

‘ನಾ ಎಲ್ಲಿ ತ್ಯಜಿಸೀನಿ? ಐತಲ್ಲ.’

‘ಲಾಭ ಹಂಚಲ್ಪಡುತ್ತದೆ.’

‘ಯಾರು ಹಂಚತಾರ? ಯಾರಿಗೆ?’

ನಾನು ವಿವೇಕನತ್ತ ನೋಡಿದೆ. ‘ಅದು ಪ್ರಕ್ರಿಯೆಯಲ್ಲಿದೆ’ ಎಂದ ಅವನು.

‘ಉಳಿದ ಸಮಯ ಆತ್ಮವಿಕಾಸಕ್ಕೆ ಬಳಸಲ್ಪಡುತ್ತಿದೆ.’

ಇದನ್ನು ನಾನು ಹೇಗೆ ಹೇಳಲಿ? ‘ಕಟಗಿ ಆರಿಸೂದು ಕಡಿಮಿ ಆಗಿ ಹೊತ್ತು ಉಳೀತಲ್ಲ, ಅದರಾಗ ಏನ್ ಮಾಡ್ತಿ?’ ಎಂದು ಕೇಳಿದೆ.

‘ಇನ್ನೊಬ್ಬರ ಹೊಲಕ್ಕ ಕಳೆ ತಗಿಯಾಕ ಹೋಗ್ತೀನಿ.’

ವಿವೇಕ್ ತಲೆ ಹಿಡಿದುಕೊಂಡ. ಅವನೇನೂ ದುಷ್ಟನಲ್ಲ. ಮೂವತ್ತರ ಒಳಗಿನ ವಯಸ್ಸು, ಮನೆಯಲ್ಲಿ ಹೊಸ ಮಗು. ದ್ಯಾಮವ್ವ ಮೇಲಿನ ತನ್ನ ಕೋಣೆಗೆ ಹೋದ ನಂತರ ಅವನು ನನ್ನೆದುರು ಕೂತು ತಗ್ಗಿದ ದನಿಯಲ್ಲಿ ಹೇಳಿದ: ‘ಮೇಡಂ, ಹಳೆ ಒಲೆ ಇದೆ ಅಂತ ಗೊತ್ತಾದ್ರೆ ಲೆಕ್ಕ ಪೂರ್ತಿ ಮತ್ತೆ ಮಾಡಬೇಕು. ಮಾರಾಟ ನಿಲ್ಲುತ್ತೆ. ಮುಂದಿನ ಹಳ್ಳಿಗಳಿಗೆ ಒಲೆ ಕೊಡೋದಕ್ಕೆ ದುಡ್ಡಿರಲ್ಲ. ಸತ್ಯ ಹೇಳಿ ಯಾರಿಗೆ ಉಪಕಾರ? ನೀವು ಸ್ವಲ್ಪ ಮೃದು ಮಾಡಿ, ಅಷ್ಟೇ.’

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಸಭೆ

ಸಭಾಂಗಣ ನಮ್ಮ ಕೊಪ್ಪಳದ ಕ್ರೀಡಾಂಗಣಕ್ಕಿಂತ ದೊಡ್ಡದು, ನೆಲಕ್ಕೆ ಜಮಖಾನೆ ಹಾಸಿದ್ದರು. ಜನ ಸೂಟಿನ ಕೆಳಗೆ ಓಟದ ಬೂಟು ಹಾಕಿದ್ದರು. ಪ್ರತಿ ಭಾಷಣದಲ್ಲೂ ‘ಸಮುದಾಯ’ ಎಂಬ ಮಾತು ಬಂತು. ಸಮುದಾಯವೆಂದರೆ ಅಲ್ಲಿ ನಾವಿಬ್ಬರೇ ಇದ್ದೆವು, ಮೂರನೆಯ ಸಾಲಿನಲ್ಲಿ.

ದ್ಯಾಮವ್ವನ ಹೆಸರು ಕರೆದರು. ಇಳಕಲ್ ಸೀರೆ, ಅದರ ಮೇಲೆ ಹೆಲ್ಗಾ ಕೊಟ್ಟ ದಪ್ಪ ಕೋಟು. ನಿರೂಪಕ ಬಾಗಿ, ಹೊಸ ಒಲೆ ನಿಮ್ಮ ಬದುಕನ್ನು ಹೇಗೆ ಬದಲಿಸಿತು ಎಂದು ಕೇಳಿದ. ನಾನು ಕನ್ನಡಕ್ಕೆ ಮಾಡಿದೆ. ದ್ಯಾಮವ್ವ ಬಾಯಿಪಾಠದ ಹಾಳೆಯ ಒಂದಕ್ಷರವನ್ನೂ ಹೇಳಲಿಲ್ಲ.

‘ಒಲಿ ಛಲೋ ಐತ್ರಿ. ಕಣ್ಣುರಿ ಕಡಿಮಿ ಆಗೈತಿ. ಕೆಟ್ಟ ಐತಿ ಅಂತ ನಾ ಹೇಳೂದಿಲ್ಲ. ಆದ್ರ ಹಳೇ ಒಲಿ ಒಡದೀನಿ ಅಂತ ಹೇಳು ಅಂದಾರ. ನಾ ಒಡದಿಲ್ಲ. ಉಣ್ಣೂ ಒಲಿ ಮ್ಯಾಲ ಸುಳ್ಳು ಹೇಳಾಕ ನನಗ ಆಗೂದಿಲ್ರಿ. ಹೊಸ ಒಲಿ ಬಾಯಿ ದೊಡ್ಡದು ಮಾಡಿಕೊಡ್ರಿ, ರೊಟ್ಟಿ ಅದರ ಮ್ಯಾಲ ಮಾಡ್ತೀನಿ. ಹಳೇದು ನಾನ ಒಡೀತೀನಿ.’

ಆಕೆ ನಿಲ್ಲಿಸಿ ನನ್ನ ಕಡೆ ನೋಡಿದಳು. ಸಭೆ ನನ್ನ ಕಡೆ ನೋಡಿತು. ಮೊದಲ ಸಾಲಿನಲ್ಲಿ ವಿವೇಕ್ ಕಣ್ಣಿನಲ್ಲೇ ಕೈಮುಗಿದ. ಮೃದು ಮಾಡುವುದು ಎಷ್ಟು ಸುಲಭವಿತ್ತು! ‘ಒಲೆ ಚೆನ್ನಾಗಿದೆ’ ಎಂಬಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಆಕೆಗೆ ಗೊತ್ತಾಗುತ್ತಿರಲಿಲ್ಲ. ಇಲ್ಲ, ಗೊತ್ತಾಗುತ್ತಿತ್ತು. ಆಕೆ ನನ್ನ ಇಂಗ್ಲಿಷಿನ ಉದ್ದ ಅಳೆಯುತ್ತಿದ್ದಳು.

ಉದ್ದವಾಗಿಯೇ ಹೇಳಿದೆ. ಒಂದೂ ಬಿಡದೆ, ಕರ್ತರಿ ಪ್ರಯೋಗದಲ್ಲಿ. 

ದ್ಯಾಮವ್ವ ಮುಂದುವರಿದಳು. ‘ಇನ್ನೊಂದು. ನಿಮ್ಮೂರಾಗ ಖಾಲಿ ಬಾಟ್ಲಿ ತಂದಾಂವಗ ರೊಕ್ಕಾ ಕೊಡ್ತೀರಿ. ನಾ ನೋಡೀನಿ. ಅಂವ ದಾನ ಬೇಡಿಲ್ಲ, ನೀವು ದಾನ ಮಾಡಿಲ್ಲ. ನಂದೂ ಹಂಗ ಐತ್ರಿ. ಹೊಗಿ ಉಳಿಸಿದಾಕಿ ನಾನು. ಒಲಿ ಊದಿದಾಕಿ ನಾನು. ಮಾರಿದ್ದು ಯಾರು, ಎಷ್ಟಕ್ಕ ಮಾರ್ಯಾರ, ಅದರಾಗ ನಂದೆಷ್ಟು? ಇಷ್ಟು ಕೇಳಾಕ ಬಂದೀನಿ.’

ಅದನ್ನೂ ಹೇಳಿದೆ.

 ಇನ್ನೇನು, ಯಾರಾದರೂ ಉತ್ತರ ಕೊಡುತ್ತಾರೆ ಎಂದು ನಾನು ಅನುವಾದಕ್ಕೆ ಸಜ್ಜಾದೆ. ಆಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಂಥ ಚಪ್ಪಾಳೆ! ಕೆಲವರು ಕಣ್ಣೊರೆಸಿಕೊಂಡರು. ನಿರೂಪಕ ಎದೆಯ ಮೇಲೆ ಕೈಯಿಟ್ಟು, ಎಂಥ ಸಾಚಾ ದನಿ ಎಂದ. ಹೊರಗೆ ಬಂದ ಮೇಲೆ ದ್ಯಾಮವ್ವನ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿತು. ‘ಎಷ್ಟು’ ಎಂಬ ಪ್ರಶ್ನೆಯನ್ನು ಅಷ್ಟು ಗೌರವದಿಂದ ಹೂತುಹಾಕಿದ್ದನ್ನು ನಾನು ಎಲ್ಲೂ ಕಂಡಿಲ್ಲ. ನಮ್ಮ ಕಡೆ ಕಚೇರಿಗಳಲ್ಲಿ ಬೈದು ಕಳಿಸುತ್ತಾರೆ, ಉತ್ತರವಿಲ್ಲ ಎಂದಾದರೂ ಗೊತ್ತಾಗುತ್ತದೆ.

‘ಎಲ್ಲಾರೂ ಕೈ ಕುಲಕ್ಯಾರ. ಹೇಳಿದ್ದು ಯಾರಿಗೂ ತಿಳದಿಲ್ಲೇನ್ರಿ?’ ಎಂದಳು ದ್ಯಾಮವ್ವ.

ಒಬ್ಬರಿಗೆ ತಿಳಿದಿತ್ತು. ನರೆತ ತಲೆಯ, ಸಣ್ಣ ಕನ್ನಡಕದ ಒಬ್ಬ ಮನುಷ್ಯ ಚಪ್ಪಾಳೆ ತಟ್ಟದೆ ಮೂಲೆಯಲ್ಲಿ ಕಾಯುತ್ತಿದ್ದ. ಇಂಥ ಲೆಕ್ಕಗಳನ್ನು ತಪಾಸಣೆ ಮಾಡುವವನಂತೆ. ಅವನು ಫೋಟೋ ಕೇಳಲಿಲ್ಲ. ಹಳೆಯ ಒಲೆ ವಾರಕ್ಕೆ ಎಷ್ಟು ದಿನ ಉರಿಯುತ್ತದೆ, ನೀರು ಕಾಯಲು ಎಷ್ಟು ಕಟ್ಟಿಗೆ, ಹಂಚು ಎಷ್ಟಗಲ ಎಂದು ಕೇಳಿದ. ದ್ಯಾಮವ್ವ ಎರಡೂ ಕೈ ಅಗಲಿಸಿ ಹಂಚಿನ ಅಳತೆ ತೋರಿಸಿದಳು. ಅವನು ತನ್ನ ಕೈಯನ್ನೂ ಹಾಗೆಯೇ ಅಗಲಿಸಿ ಖಚಿತಪಡಿಸಿಕೊಂಡು ಬರೆದುಕೊಂಡ.

ವಾಪಸು

ಹಿಂದಿರುಗುವಾಗ ವಿವೇಕ್ ನಮ್ಮಿಂದ ದೂರದ ಸೀಟಿನಲ್ಲಿ ಕೂತ. ದ್ಯಾಮವ್ವ ತನ್ನ ರೊಟ್ಟಿಯ ಗಂಟು ಬಿಚ್ಚಿ ನನಗೊಂದು ಕೊಟ್ಟಳು. ‘ಒಲಿ ಸಿಗದವರು ಭಾಳ ಮಂದಿ ಅದಾರ್ರಿ. ನಾ ಅವರಿಗೆಲ್ಲ ಕೆಟ್ಟದ್ದು ಮಾಡಿದ್ನೇನು?’ ಎಂದು ಕೇಳಿದಳು.  ‘ನೀ ಹೇಳಿದ್ದನ್ನ ನಾನೂ ಹೇಳೀನಿ. ಕೆಟ್ಟದ್ದಾದ್ರ ಇಬ್ಬರದೂ’ ಎಂದೆ.

ಕೆಟ್ಟದ್ದೇ ಆಯಿತು, ಮೊದಮೊದಲು. ಆ ಕನ್ನಡಕದ ಮನುಷ್ಯ ನಿಜವಾಗಿಯೂ ಯಲಬುರ್ಗಾಕ್ಕೆ ಬಂದ. ಮನೆಮನೆಗೆ ಹೋಗಿ ಅಡಿಗೆ ಮನೆಯ ಮೂಲೆಗಳನ್ನು ನೋಡಿದ. ಮೂರು ಕಲ್ಲುಗಳು ಎಲ್ಲ ಕಡೆ ಬೆಚ್ಚಗಿದ್ದವು. ಕಂಪನಿಯ ಲೆಕ್ಕ ಇಳಿಯಿತು, ಮಾರಾಟ ನಿಂತಿತು. ಪಕ್ಕದ ಹಳ್ಳಿಗೆ ಬರಬೇಕಿದ್ದ ಒಲೆಗಳು ಕೊಪ್ಪಳದ ಗೋದಾಮಿನಲ್ಲೇ ಉಳಿದವು. ಆ ಹಳ್ಳಿಯ ಶಂಕ್ರವ್ವ ಎಂಬಾಕೆ ಸಂತೆಯಲ್ಲಿ ಎಲ್ಲರೆದುರು ದ್ಯಾಮವ್ವನನ್ನು ತಡೆದು, ‘ನೀ ವಿಮಾನ ಹತ್ತಿ ಹೋಗಿ ಖರೇ ಹೇಳಿ ಬಂದಿ. ನಿನಗ ಒಲಿ ಐತಿ. ನನ್ನ ಕಣ್ಣಾಗ ಹೊಗಿ ಐತಿ’ ಎಂದಳಂತೆ. ದ್ಯಾಮವ್ವ ಆಮೇಲೆ ಎರಡು ವಾರ ಸಂತೆಗೆ ಹೋಗಲಿಲ್ಲ. ಇದನ್ನು ಆಕೆಯೇ ನನಗೆ ಫೋನಿನಲ್ಲಿ ಹೇಳಿದಳು. 

ಯಲಬುರ್ಗಾ

ಕೆಲವು ತಿಂಗಳ ಮೇಲೆ ಕಂಪನಿ ಮತ್ತೆ ಬಂತು. ಬಿಸ್ಕತ್ತಿನವರು ವ್ಯಾಪಾರ ಬಿಟ್ಟಿರಲಿಲ್ಲ. ಹೆಲ್ಗಾ ಹಟ ಹಿಡಿದಿದ್ದಳಂತೆ, ಲೆಕ್ಕ ಸಣ್ಣದಾದರೂ ಸರಿ, ನಿಜದ ಲೆಕ್ಕ ಬೇಕು, ಉರಿಸುವವರಿಗೆ ಪಾಲು ಬೇಕು ಎಂದು. ಅಗಲ ಬಾಯಿಯ ಹೊಸ ಒಲೆ, ವರ್ಷಕ್ಕೊಮ್ಮೆ ಮಾರಾಟದಲ್ಲಿ ಪಾಲು, ಶಂಕ್ರವ್ವನ ಹಳ್ಳಿಗೂ ಒಲೆ. ಪಾಲೇನೂ ದೊಡ್ಡದಲ್ಲ, ಒಂದು ಸೀರೆಗೂ ಸಾಲದು. ಆದರೆ ಕಾಗದ ಈ ಸಲ ಕನ್ನಡದಲ್ಲಿತ್ತು.

ಸಮುದಾಯ ಭವನದಲ್ಲಿ ಎರಡೂ ಊರಿನ ಹೆಂಗಸರು ಕೂತರು. ವಿವೇಕ್ ಮಗುವಿನ ಫೋಟೋ ತೋರಿಸಿ ನನ್ನ ಜೊತೆ ರಾಜಿಯಾದ. ನಾನು ಕಾಗದ ಓದಿದೆ. ಒಂದು ಸಾಲಿನಲ್ಲಿ ‘ಕುಟುಂಬದ ಯಜಮಾನರ ಹೆಸರು ಮತ್ತು ಬ್ಯಾಂಕ್ ಖಾತೆ’ ಎಂದಿತ್ತು. ಅಲ್ಲಿ ದ್ಯಾಮವ್ವ ಕೈಯೆತ್ತಿದಳು.

‘ಯಜಮಾನ ಅಂದಾಂವ ಒಲಿ ಮುಂದ ಕುಂದರ್ತಾನೇನ್ರಿ?’

ಹೆಂಗಸರು ಗೊಳ್ಳೆಂದು ನಕ್ಕರು. ಶಂಕ್ರವ್ವ ಎಲ್ಲರಿಗಿಂತ ಜೋರಾಗಿ.

‘ಅಮ್ಮ, ಅದು ಫಾರ್ಮ್ಯಾಟ್. ಆಮೇಲೆ ಸರಿ ಮಾಡೋಣ. ಈಗ ಹೆಬ್ಬೆಟ್ಟು ಹಾಕಿಬಿಡಿ’ ಎಂದ ವಿವೇಕ್. ಹೊರಗೆ ಕಾರು ಕಾಯುತ್ತಿತ್ತು.

‘ಇವತ್ತು ಆಗೂದಿಲ್ರಿ’ ಎಂದಳು ದ್ಯಾಮವ್ವ. ತಾಲ್ಲೂಕು ಕಚೇರಿಯ ಕಿಟಕಿಯಾಚೆ ಕೂತವರು ಹೇಳುವಂಥದ್ದೇ ತಣ್ಣನೆಯ ದನಿ. ‘ತಿದ್ದಿಕೊಂಡು ನಾಳೆ ಬರ್ರಿ.’

ಮರುದಿನ ಹತ್ತು ಗಂಟೆಯ ಒಳಗೇ ಕಾರು ಬಂತು. ನಾನೂ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಆ ಸಾಲು ಬದಲಾಗಿತ್ತು: ‘ಒಲೆ ಹಚ್ಚುವವರ ಹೆಸರು ಮತ್ತು ಬ್ಯಾಂಕ್ ಖಾತೆ.’ ಮೊದಲು ಶಂಕ್ರವ್ವ ಹೆಬ್ಬೆಟ್ಟು ಹಾಕಿದಳು, ಆಮೇಲೆ ದ್ಯಾಮವ್ವ. ಆಗ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ದ್ಯಾಮವ್ವನ ಗಂಡ ಯಮನಪ್ಪ ಬಾಗಿಲಲ್ಲಿ ನಿಂತ. ಒಲೆಗೆ ರೊಕ್ಕ ಬರುತ್ತದೆಂಬ ಸುದ್ದಿ ಅವನಿಗೂ ಮುಟ್ಟಿತ್ತು.

‘ನಂದೆಲ್ಲಿ ಹಾಕೂದು?’ ಎಂದು ಹೆಬ್ಬೆರಳು ಮುಂದೆ ಮಾಡಿದ.

ದ್ಯಾಮವ್ವ ಕಾಗದದ ಕೆಳತುದಿಗೆ ಬೊಟ್ಟು ಮಾಡಿದಳು. ‘ಸಾಕ್ಷಿ ಅಂತ ಒಂದು ಸಾಲು ಐತಿ ನೋಡು, ಅಲ್ಲಿ ಹಾಕು.’